ಎರಡು ಕಾಲಂಗಳ ನಡುವೆ ಒಬ್ಬ ಹುಡುಗ

ಬಾಗಲಕೋಟೆ, ಮುಧೋಳ, ಯರಗಟ್ಟಿಯ ದಾರಿಗಳು ಕೂಡುವ ಊರು ಲೋಕಾಪುರ. ಸುಣ್ಣದ ಕಲ್ಲಿಗೆ, ಸಿಮೆಂಟಿಗೆ, ಸುತ್ತಲಿನ ಕಬ್ಬಿಗೆ ಹೆಸರಾದದ್ದು. 2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಎಲ್ಲ ಊರುಗಳಲ್ಲಿ ಆದಂತೆ ಇಲ್ಲಿಯೂ ಸಮೀಕ್ಷೆಯ ಕೆಲಸ ಹತ್ತಿತು. ಶಾಲೆಯ ಮಾಸ್ತರರು ಕೈಯಲ್ಲಿ ಮೊಬೈಲ್ ಹಿಡಿದು ಮನೆ ಮನೆಯ ಬಾಗಿಲಿಗೆ ಬಂದರು. ಹಿಂದುಳಿದ ವರ್ಗಗಳ ಆಯೋಗ ಕೊಟ್ಟು ಕಳಿಸಿದ ಪ್ರಶ್ನೆಗಳು 60. ಹೊಲ ಎಷ್ಟು, ಸಾಲ ಎಷ್ಟು, ಎಷ್ಟನೆಯ ಇಯತ್ತೆಯವರೆಗೆ ಓದಿದ್ದೀರಿ ಎಂಬ ಪ್ರಶ್ನೆಗಳಿಗೆ ಉತ್ತರ ಸುಲಭ. ಜನ ತಡವರಿಸಿದ್ದು ಧರ್ಮ ಮತ್ತು ಜಾತಿ ಎಂಬ ಎರಡು ಕಾಲಂಗಳ ಮುಂದೆ.

ಈ ಭಾಗದ ಲಿಂಗಾಯತ ಮನೆಗಳಲ್ಲಿಯೇ ಗೊಂದಲ ಕಡಿಮೆ ಇರಲಿಲ್ಲ. ಧರ್ಮದ ಕಾಲಂನಲ್ಲಿ ಹಿಂದೂ ಎಂದು ಬರೆಸಬೇಕೋ, ಲಿಂಗಾಯತ ಎಂದೋ, ವೀರಶೈವ ಲಿಂಗಾಯತ ಎಂದೋ ಎಂಬ ವಿಷಯದಲ್ಲಿ ಮಠಾಧೀಶರೇ ಒಂದು ಮಾತಿಗೆ ಬರಲಿಲ್ಲ. ಕೂಡಲಸಂಗಮ ಇರುವುದು ಇದೇ ಜಿಲ್ಲೆಯಲ್ಲಿ. ಜಾತಿಯನ್ನು ಕಳಚಿಡಿ ಎಂದು ಹನ್ನೆರಡನೆಯ ಶತಮಾನದಲ್ಲಿ ಹೇಳಿದ ಶರಣರ ಹಿಂದೆ ಹೋದವರು ಇಂದು ಗಾಣಿಗ, ಪಂಚಮಸಾಲಿ, ಬಣಜಿಗ ಎಂದು ಬೇರೆ ಬೇರೆ ಬರೆಸುತ್ತಾರೆ. ಅದಕ್ಕೇ ಇರಬೇಕು, ಮುಂದೆ ಹೇಳುವ ಸಂಗತಿ ಮುಧೋಳ ಸೀಮೆಯ ಜನಕ್ಕೆ ಬಿಡಿಸಿ ಹೇಳದೆಯೂ ತಿಳಿಯುತ್ತದೆ.

ಈ ಸೀಮೆಯ ಕ್ರೈಸ್ತ ಮನೆಯೊಂದಕ್ಕೆ ಮಾಸ್ತರರು ಬಂದರೆನ್ನಿ. ಜಿಲ್ಲೆಯಲ್ಲಿ ಅಂಥ ಮನೆಗಳು ತೀರಾ ಕಡಿಮೆ. 2011ರ ಜನಗಣತಿಯಂತೆ ಇಡೀ ಕರ್ನಾಟಕದಲ್ಲಿಯೇ ಕ್ರೈಸ್ತರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಕ್ರೈಸ್ತರೆಂದರೆ ಮಂಗಳೂರಿನವರು, ಇಂಗ್ಲಿಷ್ ಶಾಲೆ ನಡೆಸುವವರು, ಇದ್ದುಳ್ಳವರು ಎಂಬ ತಿಳಿವಳಿಕೆಯೂ ನಮ್ಮಲ್ಲಿದೆ. ಬಯಲುಸೀಮೆಯ ಕ್ರೈಸ್ತರಲ್ಲಿ ಬಹಳಷ್ಟು ಮಂದಿ ಊರ ಹೊರಗಿನ ಕೇರಿಗಳಿಂದ ಬಂದವರು ಎಂಬುದು ಆ ತಿಳಿವಳಿಕೆಯೊಳಗೆ ಬರುವುದಿಲ್ಲ. ಅಂಥ ಮನೆಯಲ್ಲಿ ಕಾಲೇಜು ಓದುವ ಹುಡುಗನೊಬ್ಬನಿದ್ದರೆ, ಧರ್ಮದ ಪ್ರಶ್ನೆಗೆ ಅವನು ಒಂದೇ ಉಸಿರಿನಲ್ಲಿ ಕ್ರೈಸ್ತ ಎನ್ನುತ್ತಾನೆ. ಜಾತಿ ಯಾವುದೆಂದಾಗ ಮಾತ್ರ ಒಳಗಿರುವ ಅಜ್ಜಿಯ ಮುಖ ನೋಡುತ್ತಾನೆ.

ಆಯೋಗದ ಪಟ್ಟಿಯಲ್ಲಿ ಕುರುಬ ಕ್ರೈಸ್ತ, ಬ್ರಾಹ್ಮಣ ಕ್ರೈಸ್ತ, ಮಾದಿಗ ಕ್ರೈಸ್ತ ಎಂಬಂಥ ಜೋಡಿ ಹೆಸರುಗಳಿದ್ದವು. ಅದು ಹೊರಬಿದ್ದಾಗ ರಾಜ್ಯದಲ್ಲಿ ಗದ್ದಲವೆದ್ದಿತು. ಮತಾಂತರಕ್ಕೆ ಸರ್ಕಾರವೇ ಮುದ್ರೆ ಒತ್ತುತ್ತಿದೆ ಎಂದು ವಿರೋಧ ಪಕ್ಷ ದೂರಿತು. ರಾಜ್ಯಪಾಲರು ಮುಖ್ಯಮಂತ್ರಿಗೆ ಪತ್ರ ಬರೆದರು. ಕೊನೆಗೆ ಅಂಥ 33 ಹೆಸರುಗಳನ್ನು ಮೊಬೈಲಿನ ಪಟ್ಟಿಯಿಂದ ಮರೆ ಮಾಡಲಾಯಿತು. ಬೇಕಾದವರು ತಾವಾಗಿ ಹೇಳಿ ಬರೆಸಬಹುದು ಎಂದು ಆಯೋಗ ತಿಳಿಸಿತು. ಗದ್ದಲ ಮಾಡಿದವರಿಗೆ ಬ್ರಾಹ್ಮಣ ಕ್ರೈಸ್ತ ಎಂಬ ಮಾತು ವಿಚಿತ್ರವಾಗಿ ಕೇಳಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಮಾದಿಗ ಕ್ರೈಸ್ತ ಎಂಬ ಮಾತು ಮಾತ್ರ ಬೇರೆ ಜಾತಿಯದು. ಅದು ವಿಚಿತ್ರವಲ್ಲ, ಬದುಕು. ಊರಿನ ಚಹದ ಅಂಗಡಿಯವನಿಗೆ ಹುಡುಗನ ಅಜ್ಜ ಯಾವ ಕೇರಿಯವನೆಂಬುದು ಗೊತ್ತು. ಭಾನುವಾರ ಅವನು ಎಲ್ಲಿ ಮೊಣಕಾಲೂರುತ್ತಾನೆ ಎಂಬುದರಿಂದ ಆ ತಿಳಿವಳಿಕೆ ಅಳಿಸಿಹೋಗುವುದಿಲ್ಲ.

ಊರಿಗೆ ಗೊತ್ತಿರುವುದು ಕಾನೂನಿಗೆ ಗೊತ್ತಿಲ್ಲ. ತೊಡಕಿರುವುದು ಅಲ್ಲಿಯೇ.

1950ರ ಆಗಸ್ಟ್ 10ರಂದು ರಾಷ್ಟ್ರಪತಿಗಳು ಹೊರಡಿಸಿದ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಪ್ಯಾರಾ, ಹಿಂದೂ ಧರ್ಮವನ್ನು ಬಿಟ್ಟು ಬೇರೆ ಧರ್ಮವನ್ನು ಅನುಸರಿಸುವವರನ್ನು ಪರಿಶಿಷ್ಟ ಜಾತಿಯವರೆಂದು ಎಣಿಸತಕ್ಕದ್ದಲ್ಲ ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ಸೇರಿಸಿದರು. ಕ್ರೈಸ್ತರು, ಮುಸಲ್ಮಾನರು ಹೊರಗೇ ಉಳಿದರು. ಪರಿಶಿಷ್ಟ ಪಂಗಡಗಳಿಗೆ ಈ ಕಟ್ಟು ಇಲ್ಲ. ಅವರು ಯಾವ ದೇವರಿಗೆ ಕೈ ಮುಗಿದರೂ ಪಂಗಡ ಪಂಗಡವೇ. ದಲಿತ ಕ್ರೈಸ್ತ ಸಂಘಟನೆಗಳು ಪ್ರತಿ ವರ್ಷ ಆಗಸ್ಟ್ 10ನ್ನು ಕರಾಳ ದಿನವೆಂದು ಆಚರಿಸುವುದು ಈ ಕಾರಣಕ್ಕೆ.

ಲೋಕಾಪುರದ ಮಟ್ಟಿಗೆ ಇದರ ಅರ್ಥವೇನು? ಊರು ಸೇರಿರುವ ಮುಧೋಳ ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಹುಡುಗ ಆ ಕ್ಷೇತ್ರದಲ್ಲಿ ಓಟು ಹಾಕಬಹುದು, ಇನ್ನೊಬ್ಬರ ಪರವಾಗಿ ಪ್ರಚಾರಕ್ಕೂ ಹೋಗಬಹುದು. ತಾನೇ ನಿಲ್ಲುವಂತಿಲ್ಲ. ಅದೇ ಕೇರಿಯಲ್ಲಿರುವ ಅವನ ದೊಡ್ಡಪ್ಪನ ಮಗ ಹಿಂದೂ ಆಗಿ ಉಳಿದಿದ್ದರೆ ಅವನು ನಿಲ್ಲಬಹುದು. ಒಂದೇ ಅಜ್ಜನ ಮೊಮ್ಮಕ್ಕಳು. ಶಿಕ್ಷಣ ಮತ್ತು ನೌಕರಿಯ ಮಟ್ಟಿಗೆ ಕರ್ನಾಟಕ ಸರ್ಕಾರ ಸ್ವಲ್ಪ ಕರುಣೆ ತೋರಿದೆ. ಪರಿಶಿಷ್ಟ ಜಾತಿಯಿಂದ ಮತಾಂತರಗೊಂಡ ಕ್ರೈಸ್ತರನ್ನು ಅದು ಹಿಂದುಳಿದ ವರ್ಗಗಳ ಪ್ರವರ್ಗ ಒಂದರಲ್ಲಿ ಇರಿಸಿತು. ಆದರೆ ಆ ಪ್ರವರ್ಗಕ್ಕೆ ಸಿಗುವ ಶೇಕಡಾ 4ರಲ್ಲಿ ಪಾಲುಗಾರರು ಬಹಳ. ಅಲ್ಲದೆ ಪ್ರವರ್ಗ ಒಂದು ಎಂಬುದು ಹಿಂದುಳಿದಿರುವಿಕೆಯನ್ನು ಹೇಳುತ್ತದೆ, ಅಸ್ಪೃಶ್ಯತೆಯನ್ನು ಹೇಳುವುದಿಲ್ಲ. ಬೈದರೆ, ಬಡಿದರೆ ದೌರ್ಜನ್ಯ ತಡೆ ಕಾಯ್ದೆಯ ಆಸರೆಯೂ ಸಿಗದು. ಕ್ರೈಸ್ತನಾದವನಿಗೆ ಆ ಕಾಯ್ದೆಯ ರಕ್ಷಣೆಯಿಲ್ಲ ಎಂದು 2025ರ ಏಪ್ರಿಲ್ ಕೊನೆಯಲ್ಲಿ ಆಂಧ್ರಪ್ರದೇಶ ಹೈಕೋರ್ಟು ಹೇಳಿತು. ಬೈಯುವವನು ಮೊದಲು ಚರ್ಚಿನ ದಾಖಲೆ ನೋಡಿ ಆಮೇಲೆ ಬೈಯುತ್ತಾನೆಯೇ ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ.

ಈ ವಾದ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಒಬ್ಬ ಚಮ್ಮಾರನ ಹೆಸರಿನಲ್ಲಿ. ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ, ಆದಿದ್ರಾವಿಡ ಜಾತಿಯಲ್ಲಿ ಹುಟ್ಟಿ ಕ್ರೈಸ್ತನಾದವನು. ಬೀದಿಬದಿಯ ಚಮ್ಮಾರರಿಗೆ ಸರ್ಕಾರ ಪುಕ್ಕಟೆಯಾಗಿ ಪೆಟ್ಟಿಗೆ ಅಂಗಡಿ ಕೊಟ್ಟಾಗ, ಕ್ರೈಸ್ತನೆಂಬ ಕಾರಣಕ್ಕೆ ಅವನಿಗೆ ಸಿಗಲಿಲ್ಲ. 1985ರಲ್ಲಿ ಬಂದ ತೀರ್ಪು ಅವನ ವಿರುದ್ಧವಾಯಿತು. ಜಾತಿ ಮತಾಂತರದ ನಂತರವೂ ಮುಂದುವರಿಯುತ್ತದೆ ಎಂದಷ್ಟೇ ಹೇಳಿದರೆ ಸಾಲದು, ಅದರ ಬಾಧೆ ಕ್ರೈಸ್ತ ಸಮಾಜದಲ್ಲಿಯೂ ಅಷ್ಟೇ ತೀವ್ರವಾಗಿದೆ ಎಂದು ಆಧಾರ ಸಹಿತ ತೋರಿಸಬೇಕು ಎಂದರು ನ್ಯಾಯಮೂರ್ತಿಗಳು. ಬಿಸಿಲು, ಅಂಟು, ರಂಪಿಗೆ ಎಲ್ಲವೂ ಮೊದಲಿನಂತೆಯೇ ಇದ್ದ ಮನುಷ್ಯ ತನ್ನ ಬಾಧೆ ಬದಲಾಗಿಲ್ಲವೆಂದು ಕಾಗದದಲ್ಲಿ ತೋರಿಸಲಾರದೆ ಸೋತ.

ಕಾನೂನಿನ ಇನ್ನೆರಡು ತಿರುವುಗಳನ್ನೂ ನೋಡಬೇಕು. ಕ್ರೈಸ್ತನಾದವನ ಮಕ್ಕಳು ಹಿಂದೂ ಧರ್ಮಕ್ಕೆ ಮರಳಿ, ಮೂಲ ಜಾತಿಯ ಜನ ಅವರನ್ನು ಒಪ್ಪಿಕೊಂಡರೆ, ಪರಿಶಿಷ್ಟ ಜಾತಿಯ ಸ್ಥಾನ ಅವರಿಗೆ ಮರಳಿ ಬರುತ್ತದೆ ಎಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಎಂದರೆ ಜಾತಿ ಸತ್ತಿರುವುದಿಲ್ಲ, ಚರ್ಚಿನ ಹೊರಗೆ ಚಪ್ಪಲಿಯ ಜೊತೆ ಕಾಯುತ್ತ ಕುಳಿತಿರುತ್ತದೆ! ಎರಡನೆಯದು ಕರ್ನಾಟಕದ 2022ರ ಮತಾಂತರ ಕಾಯ್ದೆ. ಬಲವಂತ, ಆಮಿಷಗಳಿಂದ ಪರಿಶಿಷ್ಟ ಜಾತಿಯವರನ್ನು ಮತಾಂತರಿಸಿದರೆ ಉಳಿದವರನ್ನು ಮತಾಂತರಿಸಿದ್ದಕ್ಕಿಂತ ಹೆಚ್ಚಿನ ಶಿಕ್ಷೆಯನ್ನು, ಹತ್ತು ವರ್ಷದವರೆಗಿನ ಸೆರೆವಾಸವನ್ನು, ಅದು ವಿಧಿಸಿತ್ತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಅದರ ಸರಿ ತಪ್ಪು ಹಾಗಿರಲಿ. ಹೊರಟವನ ಜಾತಿಯನ್ನು ಕಾನೂನು ಹೊರಡುವ ಗಳಿಗೆಯವರೆಗೆ ಅಷ್ಟು ಕಾಳಜಿಯಿಂದ ಲೆಕ್ಕ ಹಿಡಿಯುತ್ತದೆ, ಹೊಸ್ತಿಲು ದಾಟಿದ ಮರುಗಳಿಗೆ ಆ ಜಾತಿ ಇಲ್ಲವೇ ಇಲ್ಲ ಎನ್ನುತ್ತದೆ.

ಎದುರು ವಾದವನ್ನೂ ತಳ್ಳಿಹಾಕುವಂತಿಲ್ಲ. ಪರಿಶಿಷ್ಟರ ಪಾಲು ಈಗಲೇ ಸಾಲದು, ಒಳಮೀಸಲಾತಿಯ ಜಗಳ ಮೂವತ್ತು ವರ್ಷ ನಡೆದಿದೆ, ಇನ್ನಷ್ಟು ಜನ ಪಂಕ್ತಿಗೆ ಬಂದರೆ ಎಲೆಗೆ ಬೀಳುವುದೇನು ಎಂದು ಹಿಂದೂ ದಲಿತರು ಕೇಳುತ್ತಾರೆ. ಅದು ಹಸಿದವರ ಪ್ರಶ್ನೆ. ಚರ್ಚುಗಳಿಗೆ ಶಾಲೆ, ಆಸ್ಪತ್ರೆ, ಹೊರಗಿನ ನೆರವು ಇದೆಯಲ್ಲ ಎಂಬ ಮಾತೂ ಇದೆ. ನಂಬಿಕೆಯಿಲ್ಲದೆ ಮೀಸಲಾತಿಗಾಗಿ ಮಾತ್ರ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ಮೋಸವೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಪುದುಚೇರಿಯ ಪ್ರಕರಣವೊಂದರಲ್ಲಿ ಹೇಳಿತು. ಹುಡುಗನಿಗೆ ಆ ಮಾತು ನಾಟದೆ ಇರದು. ಭಾನುವಾರದ ದೇವರು ಒಬ್ಬ, ಸರ್ಟಿಫಿಕೇಟಿನ ದೇವರು ಇನ್ನೊಬ್ಬ ಎಂದು ಬದುಕಿದ ಮನೆಗಳು ದಕ್ಷಿಣ ಭಾರತದಲ್ಲಿ ಬೇಕಾದಷ್ಟಿವೆ. ಸುಳ್ಳು ಹೇಳಿದರೆ ಅನ್ನ, ನಿಜ ಹೇಳಿದರೆ ಉಪವಾಸ ಎಂದಿಟ್ಟು, ಆಮೇಲೆ ಸುಳ್ಳು ಹೇಳಿದನೆಂದು ಬೈಯುವುದರಲ್ಲಿ ಏನು ನ್ಯಾಯವಿದೆ ಎಂಬುದು ಬೇರೆಯ ಮಾತು.

ಆಯೋಗಗಳಿಗೂ ಕೊರತೆಯಿಲ್ಲ. ಪರಿಶಿಷ್ಟ ಜಾತಿಯ ಸ್ಥಾನಮಾನವನ್ನು ಧರ್ಮದಿಂದ ಬಿಡಿಸಬೇಕೆಂದು ರಂಗನಾಥ ಮಿಶ್ರ ಆಯೋಗ 2007ರಲ್ಲಿ ವರದಿ ಕೊಟ್ಟಿತು. 2022ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅಧ್ಯಕ್ಷತೆಯಲ್ಲಿ ಇನ್ನೊಂದು ಆಯೋಗ ಬಂದಿತು. ಎರಡು ವರ್ಷದ ಗಡುವಿನಲ್ಲಿ ಅದರ ಕೆಲಸ ಮುಗಿಯಲಿಲ್ಲ. ಅವಧಿ ಮುಂದಕ್ಕೆ ಹೋಯಿತು.

ಸರ್ಕಾರದ ಜೊತೆಗಿನ ಜಗಳ ಇಷ್ಟು. ಓದುವ ಹುಡುಗನಿಗೆ ಇದಕ್ಕಿಂತ ಕಷ್ಟದ ಜಗಳ ತನ್ನ ಚರ್ಚಿನ ಜೊತೆ ಇದೆ. ಅದು ತಿಳಿಯಬೇಕಾದರೆ ಹಿಂದಕ್ಕೆ ಹೋಗಬೇಕು.

ಲೋಕಾಪುರಕ್ಕೆ ಹತ್ತಿರದ ಹಳೆಯ ಮಿಷನ್ ಠಾಣ್ಯವೆಂದರೆ ಗುಳೇದಗುಡ್ಡ. ಖಣಕ್ಕೆ ಹೆಸರಾದ ಆ ನೇಕಾರರ ಊರಿಗೆ ಬಾಸೆಲ್ ಮಿಷನ್ನಿನವರು 1851ರಲ್ಲಿ ಬಂದರು. ಅದಕ್ಕೆ ಮೊದಲೇ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಯೂರಿದ್ದರು. ಕಾಲಜ್ಞಾನದ ವಚನಗಳನ್ನು ನಂಬಿದ ಪಂಥವೊಂದರ ಜನ ತಾವಾಗಿ ಪಾದ್ರಿಗಳನ್ನು ಹುಡುಕಿಕೊಂಡು ಬಂದಾಗ, ಅವರಿಗಾಗಿ 1841ರಲ್ಲಿ ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ ಜಮೀನು ಹಿಡಿದು ಒಕ್ಕಲುತನದ ನೆಲೆಯೊಂದನ್ನು ಹಾಕಿದ್ದೂ ಉಂಟು. ಸಾವಿರಾರು ಜನ ಬಂದಾರೆಂದು ನಂಬಿದ ಕಡೆ ಬಂದು ನಿಂತವರು ಕೆಲವೇ ಮಂದಿ. ಜಾತಿಯ ವಿಷಯದಲ್ಲಿ ಬಾಸೆಲ್‌ನವರು ಕಟ್ಟುನಿಟ್ಟು. ಜಾತಿ ಬಿಟ್ಟೇ ಒಳಗೆ ಬರಬೇಕು, ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯಬೇಕು. ಬಂದವರನ್ನು ಊರು ಹೊರಗೆ ಹಾಕುತ್ತಿದ್ದುದರಿಂದ ಮಗ್ಗ, ಹಂಚಿನ ಕಾರ್ಖಾನೆಗಳಲ್ಲಿ ಅವರಿಗೆ ಕೂಲಿ ಹುಟ್ಟಿಸುವ ಭಾರವೂ ಮಿಷನ್ನಿನ ಮೇಲೆಯೇ ಬಿದ್ದಿತು.

ಆ ಕಾಲದ ಯುವ ಕ್ರೈಸ್ತನೊಬ್ಬನ ಕಥೆ ಮಂಗಳೂರಿನದು. ಆನಂದರಾವ್ ಕೌಂಡಿನ್ಯ ಸಾರಸ್ವತ ಬ್ರಾಹ್ಮಣರ ಹುಡುಗ, ಮಿಷನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. ‘ಮಂಗಳೂರ ಸಮಾಚಾರ’ದ ಹರ್ಮನ್ ಮೋಗ್ಲಿಂಗರ ಪ್ರಭಾವಕ್ಕೆ ಸಿಕ್ಕವನು. 1844ರ ಜನವರಿಯಲ್ಲಿ ಇನ್ನಿಬ್ಬರು ಬ್ರಾಹ್ಮಣ ಯುವಕರೊಡನೆ ದೀಕ್ಷಾಸ್ನಾನ ಪಡೆದಾಗ ಅವನಿಗೆ ಇಪ್ಪತ್ತು ತುಂಬಿರಲಿಲ್ಲ. ಊರು ಅಲ್ಲೋಲ ಕಲ್ಲೋಲವಾಯಿತು. ಕೈಹಿಡಿದ ಹೆಂಡತಿಯೂ ದೂರವಾದಳು. ಮೋಗ್ಲಿಂಗ್ ಅವನನ್ನು ಬಾಸೆಲ್ಲಿಗೆ ಕರೆದೊಯ್ದರು. ಅಲ್ಲಿ ಓದಿ 1851ರಲ್ಲಿ ದೀಕ್ಷಿತ ಪಾದ್ರಿಯಾಗಿ ಮರಳಿದ ಹರ್ಮನ್ ಆನಂದರಾವ್ ಕೌಂಡಿನ್ಯರು 1893ರಲ್ಲಿ ತೀರಿಕೊಳ್ಳುವವರೆಗೂ ಈ ನಾಡಿನಲ್ಲಿಯೇ ದುಡಿದರು. ಕೊಡಗಿನಲ್ಲಿ ಜಮೀನಿನೊಂದಿಗೆ ಕಟ್ಟಿಬಿದ್ದ ಆಳುಗಳಂತಿದ್ದ ಹೊಲೆಯರಿಗಾಗಿ 1850ರ ದಶಕದಲ್ಲಿ ಎದ್ದ ಕ್ರೈಸ್ತ ನೆಲೆಯ ಹೆಸರು ಆನಂದಪುರ. ಬ್ರಾಹ್ಮಣ ಹುಡುಗನ ಹೆಸರಿನ ಊರಲ್ಲಿ ಹೊಲೆಯರ ಮನೆಗಳು! ಜಾತಿ ಬಿಡುವುದೆಂದರೆ ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆದರೂ ಒಂದು ಅಂತರವನ್ನು ಮರೆಯಬಾರದು. ಕೌಂಡಿನ್ಯರು ಬಿಟ್ಟದ್ದು ದೊಡ್ಡದು, ಹಾಗಾಗಿ ಚರಿತ್ರೆ ಅವರ ಹೆಸರು ಬರೆದಿಟ್ಟಿತು. ಆನಂದಪುರಕ್ಕೆ ಬಂದು ಸೇರಿದ ಆಳುಗಳ ಹೆಸರು ಓದುಗರಲ್ಲಿ ಎಷ್ಟು ಮಂದಿಗೆ ಗೊತ್ತು?

ಈ ಅಂತರವನ್ನೇ ಹಿಡಿದು ಮಾತಾಡಿದವರು ಅರವಿಂದ ನಿರ್ಮಲ್. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಲ್ಲಿ ಅವರು, ಭಾರತದ ಕ್ರೈಸ್ತ ಧರ್ಮಚಿಂತನೆಯೆಲ್ಲ ವೇದಾಂತದ ಭಾಷೆಯಲ್ಲಿ, ಮೇಲುಜಾತಿಯಿಂದ ಬಂದವರ ಪ್ರಶ್ನೆಗಳ ಸುತ್ತ ಬೆಳೆದಿದೆ, ಚರ್ಚಿನ ಬೆಂಚಿನ ಮೇಲೆ ಕುಳಿತವರಲ್ಲಿ ಹೆಚ್ಚಿನವರು ಯಾರೋ ಅವರ ನೋವು ಅದರಲ್ಲಿ ಬಂದೇ ಇಲ್ಲ ಎಂದು ತೋರಿಸಿದರು. ಮುಂದೆ ದಲಿತ ದೇವತಾಶಾಸ್ತ್ರ ಎನ್ನಿಸಿಕೊಂಡ ಚಿಂತನೆಯ ಬೀಜ ಅದು. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವನ್ನು ನಿರ್ಮಲ್ ಓದಿದ ಬಗೆಯೇ ಬೇರೆ. ಅಲೆಮಾರಿಯಾದ ಪಿತೃವನ್ನು, ಈಜಿಪ್ಟಿನ ಗುಲಾಮಗಿರಿಯನ್ನು ನೆನೆದೇ ದೇವರಿಗೆ ಕಾಣಿಕೆ ಒಪ್ಪಿಸಬೇಕೆಂದು ಅಲ್ಲಿದೆ. ಹಾಗಿದ್ದ ಮೇಲೆ ಕೇರಿಯಿಂದ ಬಂದವನು ತನ್ನ ಕೇರಿಯನ್ನು ಮರೆಯುವುದು ಯಾವ ಭಕ್ತಿ?

ಚರ್ಚುಗಳು ಮರೆತದ್ದಂತೂ ಇಲ್ಲ. ತಿರುಚಿರಾಪಳ್ಳಿಯ ಕ್ರೈಸ್ತ ಸ್ಮಶಾನವೊಂದರಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡುವ ಗೋಡೆಯ ವಿರುದ್ಧ ಹೋರಾಟ ನಡೆಯಿತು. ತಮ್ಮೊಳಗೆ ಅಸ್ಪೃಶ್ಯತೆ ಉಳಿದಿದೆ ಎಂದು ಕೆಥೋಲಿಕ್ ಬಿಷಪ್ಪರ ಸಮ್ಮೇಳನ 2016ರ ತನ್ನ ನೀತಿಪತ್ರದಲ್ಲಿ ಒಪ್ಪಿಕೊಂಡಿತು. ಭಾರತಕ್ಕೆ ಮೊದಲ ದಲಿತ ಕಾರ್ಡಿನಲ್ ಆಗಿ ಹೈದರಾಬಾದಿನ ಅಂತೋನಿ ಪೂಲ ಬಂದದ್ದು 2022ರಲ್ಲಿ. ಒಳಗೆ ಜಾತಿಯಿಲ್ಲ ಎಂದು ವೇದಿಕೆಯ ಮೇಲೆ ಸಾರಿ, ಜಾತಿಯಿದೆ ಆದ್ದರಿಂದ ಸೌಲಭ್ಯ ಕೊಡಿ ಎಂದು ದೆಹಲಿಗೆ ಅರ್ಜಿ ಹಾಕುವುದು ಹೇಗೆ ಎಂದು ವಿರೋಧಿಗಳು ಕುಟುಕುತ್ತಾರೆ. ಹುಡುಗ ಅದನ್ನು ಕುಟುಕೆಂದು ತಿಳಿಯದೆ ಪ್ರಶ್ನೆಯೆಂದೇ ತಿಳಿದರೆ ಚರ್ಚಿಗೆ ಒಳ್ಳೆಯದು. ಜಾತಿಯಿದೆ ಎಂದು ಮೊದಲು ಪಾಪನಿವೇದನೆಯಲ್ಲಿ ಹೇಳಬೇಕು, ಆಮೇಲೆ ಅರ್ಜಿಯಲ್ಲಿ.

ಮುಧೋಳ ಸೀಮೆಯವನೇ ಆದ ಕವಿ ರನ್ನ ಸಾವಿರ ವರ್ಷದ ಹಿಂದೆ ಬಳೆಗಾರರ ಕುಲದವನೂ ಆಗಿದ್ದ, ಜೈನನೂ ಆಗಿದ್ದ. ಎರಡನ್ನೂ ಹೇಳಿಕೊಂಡೇ ಚಕ್ರವರ್ತಿಯ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿದ. ಅವನಿಗೆ ಕಾಲಂ ತುಂಬುವ ಕಷ್ಟವಿರಲಿಲ್ಲ.

ಲೋಕಾಪುರದ ಬಾಗಿಲಲ್ಲಿ ನಿಂತ ಮಾಸ್ತರರಿಗೆ ಇಷ್ಟೆಲ್ಲ ಹೇಳಲು ಸಮಯವಿಲ್ಲ. ಅವರಿಗೆ ಇನ್ನೂ ಎಷ್ಟೋ ಮನೆ ಬಾಕಿ, ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಪಟ್ಟಿಯಲ್ಲಿ ಆ ಹೆಸರು ಕಾಣುವುದಿಲ್ಲ, ಹೇಳಿದರೆ ಬರೆದುಕೊಳ್ಳುತ್ತೇನೆ ಎನ್ನುತ್ತಾರೆ. ಒಳಗಿನಿಂದ ಅಜ್ಜಿ ತಾನು ಹುಟ್ಟಿದ ಕೇರಿಯ ಹೆಸರು ಹೇಳುತ್ತಾಳೆ. ಹುಡುಗ ಅದಕ್ಕೆ ಕ್ರೈಸ್ತ ಎಂಬ ಮಾತು ಸೇರಿಸಿ, ಅಕ್ಷರ ಅಕ್ಷರ ಬಿಡಿಸಿ ಹೇಳಿ ಬರೆಸುತ್ತಾನೆ.