ಕಳ್ಳನ ಮಾತು, ಮೇಷ್ಟ್ರ ಮಟ್ಟು: ಕಂಪನಿ ನಾಟಕದ ಮರುಹುಟ್ಟು

ಹಾಡು, ಮಾತು, ಹಾಸ್ಯಗಳನ್ನು ಬೆರೆಸಿ, ಬಹುಮಟ್ಟಿಗೆ ಟಿಕೆಟ್ಟಿನ ಹಣವನ್ನೇ ನಂಬಿ ಬದುಕಿದ ನಾಟಕ ಪ್ರಕಾರವೊಂದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಒಂದಕ್ಕೊಂದು ಪರಿಚಯವೇ ಇಲ್ಲದ ಎರಡು ನಾಡುಗಳಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬೇರೂರಿತು. ವಿಯೆನ್ನಾದಲ್ಲಿ ಅದನ್ನು ಆಪರೆಟ್ಟಾ ಎಂದು ಕರೆದರು. ಆದಿಯಿಂದ ಅಂತ್ಯದವರೆಗೆ ಹಾಡಿನಲ್ಲೇ ಸಾಗುವ ಗಂಭೀರ ಆಪೆರಾಕ್ಕಿಂತ ಇದು ಬೇರೆ, ಏಕೆಂದರೆ ಇಲ್ಲಿ ಹಾಡುಗಳ ನಡುವೆ ಧಾರಾಳವಾಗಿ ಮಾತಿರುತ್ತದೆ. ಯೋಹಾನ್ ಸ್ಟ್ರಾಸ್‌ನ 'ಡೀ ಫ್ಲೆಡರ್‌ಮೌಸ್' 1874ರಲ್ಲಿ ಅಲ್ಲಿ ರಂಗಕ್ಕೆ ಬಂದ ಹತ್ತು ವರ್ಷಗಳೊಳಗೆ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದ ಅರಮನೆ ನಾಟಕ ಸಭೆ ಕೆಲಸ ಆರಂಭಿಸಿತ್ತು, ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಹಾಡಲು ಬರುವ ಕನ್ನಡಕ್ಕೆ ತಂದಿದ್ದರು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ಕಂಪನಿ ಈ ಪರಂಪರೆಯನ್ನು ಅರಮನೆಯಿಂದ ಸಂತೆ, ಜಾತ್ರೆಗಳ ಡೇರೆಗೆ ಇಳಿಸಿತು. ಇಂಥ ಕಂಪನಿಗಳು ಆಡುತ್ತಿದ್ದದ್ದೇ ಕಂಪನಿ ನಾಟಕ.

ಎರಡು ಕಡೆಯೂ ಈ ಪ್ರಕಾರ ಒಮ್ಮೆ ಕುಸಿಯಿತು; ಆದರೆ ಕುಸಿದ ಕಾರಣಗಳು ಒಂದೇ ಅಲ್ಲ. ಪಾಲ್ ಅಬ್ರಹಾಂ ಸಂಗೀತ ನೀಡಿದ, ಜಾಝ್ ಲಯದ ಹೊಸ ಹುರುಪಿನ 'ಬಾಲ್ ಇಮ್ ಸವಾಯ್' 1932ರ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ತೆರೆ ಕಂಡ ಕೆಲವೇ ವಾರಗಳಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದನು. ಆಪರೆಟ್ಟಾದ ಸಂಗೀತಕಾರರಲ್ಲಿಯೂ ಹಾಡು ಬರೆಯುವವರಲ್ಲಿಯೂ ಬಹುಮಂದಿ ಯಹೂದಿಗಳಾಗಿದ್ದುದರಿಂದ ಅವರ ಕೃತಿಗಳಿಗೆ ನಿಷೇಧ ಬಿತ್ತು. ಅಬ್ರಹಾಂ ದೇಶ ಬಿಟ್ಟು ಓಡಿದರೆ, ಅದೇ ನಾಟಕದ ಸಾಹಿತ್ಯ ರಚಿಸಿದ್ದ ಇಬ್ಬರಲ್ಲಿ ಒಬ್ಬರಾದ ಫ್ರಿಟ್ಸ್ ಲೋನರ್ ಬೇಡಾ 1942ರಲ್ಲಿ ಆಷ್‌ವಿಟ್ಸ್ ಶಿಬಿರದಲ್ಲಿ ಹತರಾದರು. ಯುದ್ಧದ ನಂತರ ಆಪರೆಟ್ಟಾ ಮರಳಿತಾದರೂ, ಅದರ ಚೇಷ್ಟೆ, ಶೃಂಗಾರ, ಜಾಝ್ ಎಲ್ಲವನ್ನೂ ಸೋಸಿ ತೆಗೆದು, ಪಿಟೀಲುಗಳ ಇಂಪನ್ನಷ್ಟೇ ಉಳಿಸಿ, ಅಜ್ಜ ಅಜ್ಜಿಯರ ನೆನಪಿನ ಸರಕಾಗಿ ಅದನ್ನು ಮಾರಲಾಯಿತು. ಆ ಸಿಹಿಲೇಪವನ್ನು ಕೆರೆದು ತೆಗೆಯುವ ಕೆಲಸ ನಡೆದದ್ದು ಈಚೆಗೆ. 1930ರ 'ಇಮ್ ವೈಸನ್ ರೋಸಲ್' ನಾಟಕದ ಮೂಲ ವಾದ್ಯಪ್ರತಿಗಳು ಝಾಗ್ರೆಬ್ ನಗರದಲ್ಲಿ ದೊರೆತು, ಅವುಗಳ ಆಧಾರದಿಂದ ಪುನಾರಚಿಸಿದ ರೂಪ 2009ರಲ್ಲಿ ಡ್ರೆಸ್ಡನ್‌ನಲ್ಲಿ ಪ್ರಯೋಗಗೊಂಡಿತು. ಬರ್ಲಿನ್ನಿನ ಕೊಮಿಷೆ ಓಪರ್ ರಂಗಮಂದಿರದಲ್ಲಿ 2012ರಿಂದ ಹತ್ತು ವರ್ಷ ನಿರ್ದೇಶಕರಾಗಿದ್ದ ಬ್ಯಾರಿ ಕೋಸ್ಕಿ, 'ಬಾಲ್ ಇಮ್ ಸವಾಯ್' ಸೇರಿದಂತೆ ಮರೆತುಹೋಗಿದ್ದ ಹಲವು ಕೃತಿಗಳನ್ನು ಅವುಗಳ ಹಳೆಯ ತುಂಟತನದೊಂದಿಗೇ ಮತ್ತೆ ಆಡಿಸಿದರು.

ಕನ್ನಡದ ಕಂಪನಿಗಳನ್ನು ಯಾವ ಸರ್ಕಾರವೂ ನಿಷೇಧಿಸಲಿಲ್ಲ. ಅವುಗಳ ನಟರನ್ನು, ಕಥೆಗಳನ್ನು, ಕೊನೆಗೆ ಪ್ರೇಕ್ಷಕರನ್ನೂ ಸಿನಿಮಾ ತನ್ನದಾಗಿಸಿಕೊಂಡಿತು. ಈ ಪಲ್ಲಟವನ್ನು ಚಾಮರಾಜನಗರ ಸೀಮೆಯಷ್ಟು ಹತ್ತಿರದಿಂದ ಕಂಡ ಪ್ರದೇಶ ಬೇರೆ ಇರಲಾರದು. ಅಲ್ಲಿಂದ ಸತ್ಯಮಂಗಲದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕರ್ನಾಟಕದ ಕೊನೆಯ ತಪಾಸಣಾ ಠಾಣೆಯಿರುವ ಪುಣಜನೂರಿನ ಆಸುಪಾಸಿನಲ್ಲೇ, ತಮಿಳುನಾಡಿಗೆ ಸೇರಿದ, ಕನ್ನಡವೇ ಮನೆಮಾತಾಗಿರುವ ತಾಳವಾಡಿ ಸೀಮೆ ಇದೆ. ಅಲ್ಲಿನ ಗಾಜನೂರಿನಲ್ಲಿ 1929ರಲ್ಲಿ ಹುಟ್ಟಿದ ಮುತ್ತುರಾಜ, ಗುಬ್ಬಿ ಕಂಪನಿಯಲ್ಲಿ ಅಬ್ಬರದ ಪಾತ್ರಗಳಿಗೆ ಹೆಸರಾಗಿದ್ದ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಬೆನ್ನಹಿಂದೆ ರಂಗ ಹತ್ತಿ, 1954ರ 'ಬೇಡರ ಕಣ್ಣಪ್ಪ' ಚಿತ್ರದಿಂದ ರಾಜಕುಮಾರ್ ಆದರು. ಆ ಚಿತ್ರದ ಕಥೆ ಕಂಪನಿ ರಂಗದ್ದು, ನಾಯಕ ಕಂಪನಿಯವರು, ನಿರ್ಮಾಣದಲ್ಲಿ ಪಾಲುದಾರರಾಗಿದ್ದವರೂ ಗುಬ್ಬಿಯವರೇ. ತನ್ನನ್ನು ಮೂಲೆಗೆ ತಳ್ಳಲಿದ್ದ ಮಾಧ್ಯಮಕ್ಕೆ ರಂಗಭೂಮಿಯೇ ಬಂಡವಾಳ ಹಾಕಿತೆಂದರೆ ತಪ್ಪಾಗದು.

ಪುನರುಜ್ಜೀವನದ ಹೆಸರು ಬಂದಾಗ ಮೊದಲು ನೆನಪಾಗಬೇಕಾದವರು ಬಿ.ವಿ. ಕಾರಂತರು. ಬಾಲ್ಯದಲ್ಲಿ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ್ದ ಅವರು ಮುಂದೆ ಆಧುನಿಕ ರಂಗಭೂಮಿಯ ದೊಡ್ಡ ನಿರ್ದೇಶಕರಾದಾಗ, ಹೊಸ ನಾಟಕಕ್ಕೆ ಹಾಡು ಹೊರೆಯೆಂದು ಬಗೆಯುತ್ತಿದ್ದ ಕಾಲದಲ್ಲಿ, ಕಂಪನಿಯ ಸಂಗೀತಪ್ರಜ್ಞೆಯನ್ನೇ ಬೇರೊಂದು ಹದದಲ್ಲಿ ರಂಗಕ್ಕೆ ಮರಳಿಸಿದರು. ಕವಿ ಪು.ತಿ.ನ. ಅವರ 'ಗೋಕುಲ ನಿರ್ಗಮನ' ಎಂಬ ಗೀತನಾಟಕ, ಅಂದರೆ ಹಾಡೇ ಸಂಭಾಷಣೆಯಾಗಿರುವ ನಾಟಕ, ಓದುವ ಕಾವ್ಯವಾಗಿ ಮಾತ್ರ ಉಳಿಯದೆ ನೋಡುವ ಕೃತಿಯಾದದ್ದು ಅವರ ಪ್ರಯೋಗದಿಂದ. ಆದರೆ ಕಂಪನಿ ನಾಟಕವನ್ನು ಕಂಪನಿ ನಾಟಕವಾಗಿಯೇ ಉಳಿಸಿದ ಶ್ರೇಯಸ್ಸು ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರಿಗೆ ಸಲ್ಲಬೇಕು. ತಮ್ಮ 'ಸ್ಪಂದನ' ತಂಡದಿಂದ ಕಂಪನಿಯ ಹಳೆಯ ನಾಟಕ 'ಸದಾರಮೆ'ಯನ್ನು ಮತ್ತೆ ರಂಗಕ್ಕೆ ತಂದ ಅವರು, ತಾತ ಹೆಸರು ಮಾಡಿದ್ದ ಕಳ್ಳನ ಪಾತ್ರವನ್ನು ತಾವೇ ವಹಿಸಿದರು.

ಈ ಕಳ್ಳನ ಬಳಿ ತುಸು ನಿಲ್ಲಬೇಕು. ಕಥೆಯ ದೃಷ್ಟಿಯಿಂದ ಅವನದು ದೊಡ್ಡ ಪಾತ್ರವಲ್ಲ, ಆದರೂ ಜನ ಕಾಯುವುದು ಅವನಿಗಾಗಿ, ಏಕೆಂದರೆ ಬರೆದ ಮಾತಿನ ಕಟ್ಟು ಅವನಿಗಿಲ್ಲ. ಆ ಊರಿನ ಕೆಟ್ಟ ರಸ್ತೆಯನ್ನೂ ಆ ವಾರದ ರಾಜಕೀಯವನ್ನೂ ಅರಸುಮಕ್ಕಳ ಕಥೆಯೊಳಗೆ ಎಳೆದು ತರುವ ಪರವಾನಗಿ ಅವನಿಗಿದೆ. 'ಡೀ ಫ್ಲೆಡರ್‌ಮೌಸ್'ನ ಮೂರನೆಯ ಅಂಕದಲ್ಲಿಯೂ ಇಂಥವನೇ ಒಬ್ಬನಿದ್ದಾನೆ, ಫ್ರಾಷ್ ಎಂಬ ಕುಡುಕ ಸೆರೆಮನೆ ಕಾವಲುಗಾರ. ಅವನಿಗೆ ಒಂದು ಹಾಡೂ ಇಲ್ಲ, ಆದರೆ ಅಂದಂದಿನ ಸುದ್ದಿಯನ್ನು ಲೇವಡಿ ಮಾಡುವುದು ಇಂದಿಗೂ ಅವನ ಹಕ್ಕು. ಇಬ್ಬರಲ್ಲಿ ಒಬ್ಬ ಕಳ್ಳ, ಇನ್ನೊಬ್ಬ ಕಳ್ಳರನ್ನು ಕಾಯುವವನು ಎಂಬುದು ಬೇರೆ ಮಾತು. ಹಳೆಯ ನಾಟಕವನ್ನು ಅಕ್ಷರಶಃ ಒಪ್ಪಿಸುವ ತಂಡಗಳು ಸೋಲುವುದು ಇಲ್ಲಿಯೇ: ಎಪ್ಪತ್ತು ವರ್ಷದ ಹಿಂದಿನ ಹಾಸ್ಯವನ್ನು ಹಾಗೆಯೇ ಉಳಿಸಿದರೆ ಉಳಿಯುವುದು ಪಠ್ಯ, ಹಾಸ್ಯವಲ್ಲ.

ನಗರದಲ್ಲಿ ಇದು ಪುನರುಜ್ಜೀವನವಾದರೆ, ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ ಕಡೆಯ ಹಳ್ಳಿಗಳಲ್ಲಿ ಆ ಶಬ್ದಕ್ಕೆ ಕೆಲಸವಿಲ್ಲ, ಏಕೆಂದರೆ ಕಂಪನಿಗಳು ಮುಚ್ಚಿದ ಮೇಲೂ ಅವುಗಳ ನಾಟಕಗಳು ಇಲ್ಲಿ ನಿಂತೇ ಇಲ್ಲ. ಹಬ್ಬಕ್ಕೋ ಜಾತ್ರೆಗೋ 'ಕುರುಕ್ಷೇತ್ರ', 'ಶನಿಪ್ರಭಾವ'ದಂಥ ಪೌರಾಣಿಕಗಳನ್ನು ಊರಿನವರೇ ಕಲಿತು ಆಡುತ್ತಾರೆ. ನಟರಿಗೆ ಸಂಬಳ ಕೊಡುವ ಬದಲು ನಟರೇ ಪಾತ್ರಕ್ಕೆ ಹಣ ಕಟ್ಟುತ್ತಾರೆ, ದುರ್ಯೋಧನ, ಕೃಷ್ಣರ ಪಾಲು ಸಹಜವಾಗಿಯೇ ಹೆಚ್ಚು. ಸೀನು, ಉಡುಪು, ಬೆಳಕು ಬಾಡಿಗೆಗೆ ಬರುತ್ತವೆ. ಗುಬ್ಬಿ ಕಂಪನಿ ತನ್ನ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು, ಹಳ್ಳಿಯ ಪ್ರಯೋಗ ಪರದೆಯ ಮೇಲಿನ ಚಿತ್ರದಲ್ಲೇ ತೃಪ್ತಿಪಡುತ್ತದೆ. ಹಗಲು ಹೊಲದಲ್ಲಿ ದುಡಿದವರಿಗೆ ರಾತ್ರಿ ಕಂದ, ವೃತ್ತವೆಂಬ ಪದ್ಯಗಳನ್ನೂ ಮಟ್ಟುಗಳನ್ನೂ, ಅಂದರೆ ಹಾಡಿನ ಧಾಟಿಗಳನ್ನೂ, ತಿಂಗಳುಗಟ್ಟಲೆ ತಿದ್ದಿ ಕಲಿಸುವವರು ಹಾರ್ಮೋನಿಯಂ ಮೇಷ್ಟ್ರು. ನಿರ್ದೇಶಕ, ಸಂಗೀತಗಾರ, ಪ್ರಾಂಪ್ಟರ್ ಎಲ್ಲವೂ ಅವರೇ. ಶ್ರುತಿ ಬಿಟ್ಟ ಭೀಮನನ್ನು ಹಾರ್ಮೋನಿಯಂ ದನಿಯಲ್ಲೇ ಹಿಡಿದೆತ್ತಿ ಮುಂದಿನ ಸಾಲಿಗೆ ದಾಟಿಸುವ ಅವರ ಚಾತುರ್ಯ ಬಲ್ಲವರಿಗಷ್ಟೇ ಕಾಣುತ್ತದೆ.

ಜರ್ಮನ್ ಪುನರುಜ್ಜೀವನಕ್ಕೂ ಕನ್ನಡದ್ದಕ್ಕೂ ಇರುವ ನಿಜವಾದ ವ್ಯತ್ಯಾಸ ಈ ಮೇಷ್ಟ್ರಲ್ಲಿದೆ. ಅಲ್ಲಿ ಎಂಬತ್ತು ವರ್ಷ ಕಳೆದ ಮೇಲೂ ಪ್ರತಿ ವಾದ್ಯದ ಸ್ವರಲಿಪಿ, ಅಂದರೆ ಏನನ್ನು ಯಾವ ಲಯದಲ್ಲಿ ನುಡಿಸಬೇಕೆಂಬ ಬರವಣಿಗೆ, ಯಾವುದೋ ಊರಿನ ಕಪಾಟಿನಲ್ಲಿ ಸಿಕ್ಕೀತು. ಇಲ್ಲಿ ಅಚ್ಚಾದ ನಾಟಕದ ಪುಸ್ತಕದಲ್ಲಿ ಹಾಡಿನ ಸಾಹಿತ್ಯವಿದ್ದು, ಅದರ ಮೇಲೆ ಹೆಚ್ಚೆಂದರೆ ರಾಗ, ತಾಳದ ಹೆಸರೋ, ಅಂದು ಜನಪ್ರಿಯವಾಗಿದ್ದು ಇಂದು ಯಾರಿಗೂ ತಿಳಿಯದ ಇನ್ನೊಂದು ಹಾಡಿನ ಮಟ್ಟೋ ಇರುತ್ತದೆ. ಉಳಿದದ್ದೆಲ್ಲ ಮೇಷ್ಟ್ರ ಬೆರಳಲ್ಲಿ, ಕಿವಿಯಲ್ಲಿ. ಬಾಲನಟರಾಗಿ ಕಂಪನಿ ಸೇರಿ ರಂಗಸಂಗೀತಕ್ಕೆ ಬಾಳು ಸವೆಸಿದ ಆರ್. ಪರಮಶಿವನ್ ಅವರಂಥವರಿಂದ ನಗರದ ತಂಡಗಳು ಹಳೆಯ ಮಟ್ಟುಗಳನ್ನು ಕಲಿತದ್ದುಂಟು, ಆದರೆ ಗಡಿನಾಡಿನ ಹಳ್ಳಿಗಳಲ್ಲಿ ಕಲಿಸುತ್ತಿರುವ ಮೇಷ್ಟ್ರುಗಳ ಬಳಿಗೆ ಧ್ವನಿಮುದ್ರಣ ಯಂತ್ರ ಹೋದದ್ದು ಅಪರೂಪ. ಪ್ರತಿಷ್ಠಿತ ಉತ್ಸವಗಳಲ್ಲಿ ಎರಡು ಗಂಟೆಗೆ ಇಳಿಸಿದ ಕಂಪನಿ ನಾಟಕವನ್ನು ಆಡಿಸುವುದಕ್ಕಿಂತ ಇದು ಕಡಿಮೆ ಖರ್ಚಿನ, ಹೆಚ್ಚು ತುರ್ತಿನ ಕೆಲಸ. ರಂಗಸಂಸ್ಥೆಯಾದ ರಂಗಾಯಣವಾಗಲಿ, ನಾಟಕ ಅಕಾಡೆಮಿಯಾಗಲಿ, ಜಿಲ್ಲೆಯ ಕಾಲೇಜುಗಳಾಗಲಿ ಚಾಮರಾಜನಗರದಿಂದ ತಾಳವಾಡಿಯವರೆಗಿನ ಹಾರ್ಮೋನಿಯಂ ಮೇಷ್ಟ್ರುಗಳನ್ನು ಹುಡುಕಿ, ಅವರು ಬಲ್ಲ ನಾಟಕಗಳ ಮಟ್ಟುಗಳನ್ನು ಪೂರ್ತಿಯಾಗಿ ಮುದ್ರಿಸಿಕೊಳ್ಳುವ ಕೆಲಸವನ್ನು ಈ ವರ್ಷವೇ ಕೈಗೆತ್ತಿಕೊಳ್ಳಬೇಕು.