ಕಾಣಕೋಣ: ಒಂದು ಕೋಟೆ, ಎರಡು ದ್ವೀಪ

ಕಾರವಾರದಲ್ಲಿ ಕಾಳೀ ನದಿಯನ್ನು ದಾಟಿ, ಸದಾಶಿವಗಡದ ಗುಡ್ಡವನ್ನು ಬಳಸಿ, ಮಾಜಾಳಿಯ ಮಾರ್ಗವಾಗಿ ಪೋಳೆಂ ಗಡಿಯನ್ನು ಪ್ರವೇಶಿಸುವ ಯಾತ್ರಿಕನು ತಾನು ಪರರಾಜ್ಯದಲ್ಲಿ ಕಾಲಿಟ್ಟೆನೆಂದು ಭಾವಿಸುವುದು ಸಹಜವೇ ಆದರೂ, ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಅವನು ವಾದಿರಾಜರ ನೆಲೆಯೆಂದು ನಮಗೆಲ್ಲ ಪರಿಚಿತವಾದ ಸೋದೆಯ ಅರಸರ ಸೀಮೆಯಲ್ಲಿಯೇ ಇನ್ನೂ ನಡೆಯುತ್ತಿರುತ್ತಾನೆ. ಗೋವೆಯ ದಕ್ಷಿಣದ ತುದಿಯಾದ ಕಾಣಕೋಣಕ್ಕೆ ಜನರು ಬರುವುದು ಕಡಲಿಗಾಗಿ. ಬರಲಿ, ಆದರೆ ಕಾಬೊ ದ ರಾಮ ದುರ್ಗವನ್ನು ನೋಡದೆ ಹಿಂದಿರುಗುವುದು ಉಚಿತವಲ್ಲ.

ವನವಾಸಕಾಲದಲ್ಲಿ ಸೀತಾರಾಮರು ಇಲ್ಲಿ ತಂಗಿದ್ದರೆಂಬ ಐತಿಹ್ಯದಿಂದ ಹೆಸರು ಪಡೆದ ಈ ಭೂಶಿರದ ಕೋಟೆಯು ಸೋದೆಯವರ ಕೈಯಲ್ಲಿದ್ದಿತು. 1763ರಲ್ಲಿ ಹೈದರಾಲಿಯು ಸೋದೆಯ ಮೇಲೆ ಬೀಳಲು, ಇಮ್ಮಡಿ ಸದಾಶಿವನು ಪೋರ್ತುಗೀಜರ ಆಶ್ರಯವನ್ನು ಬೇಡಿ ಫೋಂಡೆಯ ಬಳಿಯ ಬಾಂದಿವಡೆಯಲ್ಲಿ ನೆಲೆಸಿದನು. ಆಶ್ರಯವಿತ್ತವರು ದುರ್ಗವನ್ನು ತಾವೇ ವಹಿಸಿಕೊಂಡು, 1791ರ ಒಪ್ಪಂದದಿಂದ ಸೀಮೆಯನ್ನೂ ತಮ್ಮದಾಗಿಸಿಕೊಂಡರು. ರಾಜಕಾರಣದಲ್ಲಿ ಆತಿಥ್ಯವು ಅಗ್ಗವಾಗಿ ದೊರೆಯುವುದಿಲ್ಲ! ಒಳಗಿರುವ ಸಂತ ಅಂತೋನಿಯ ಶ್ವೇತವರ್ಣದ ಇಗರ್ಜಿ, ಒಣಗಿದ ಹುಲ್ಲಿನ ನಡುವೆ ಮಗುಚಿಬಿದ್ದ ತುಕ್ಕುಹಿಡಿದ ಫಿರಂಗಿಗಳು, 1955ರವರೆಗೆ ಸೆರೆಮನೆಯಾಗಿದ್ದ ಆವರಣ, ಇವೆಲ್ಲವನ್ನೂ ಮಕ್ಕಳ ಕೈಹಿಡಿದು ಅರ್ಧದಿನದಲ್ಲಿ ಸಾವಕಾಶವಾಗಿ ನೋಡಬಹುದು.

ಪಾಳೊಳೆಂನ ಅರ್ಧಚಂದ್ರಾಕೃತಿಯ ತೀರವು ಬಹುದೂರ ಆಳವಿಲ್ಲದೆ ಇಳಿಯುವುದರಿಂದ ಮಕ್ಕಳ ಆಟಕ್ಕೆ ಅನುಕೂಲ. ಅದರ ಉತ್ತರದ ತುದಿಯ ಕಿರುದ್ವೀಪಕ್ಕೆ ನೀರು ಇಳಿದ ಹೊತ್ತಿನಲ್ಲಿ, ಪಾಚಿಗಟ್ಟಿದ ಬಂಡೆಗಳ ಮೇಲೆ ಹೆಜ್ಜೆಯನ್ನು ಆಯ್ದು ಆಯ್ದು ಇಡುತ್ತ, ನಡೆದೇ ಹೋಗಬಹುದು. ಭರತದ ಸಮಯವನ್ನು ಮೀನುಗಾರರಲ್ಲಿ ಕೇಳದೆ ಹೋದವರಿಗೆ ಮರಳುವಾಗ ದೋಣಿಯೇ ಗತಿ.

ಎರಡನೆಯ ದ್ವೀಪದ ವೃತ್ತಾಂತವು ವಿಚಿತ್ರವಾದುದು. ಕಾರವಾರದ ದಡದಿಂದ ಕಣ್ಣಳತೆಯಲ್ಲಿರುವ ಅಂಜದೀವವು, ಪೋರ್ತುಗೀಜರ ವಶದಲ್ಲಿದ್ದ ಕಾರಣದಿಂದ, ಇಂದಿಗೂ ಕಾಣಕೋಣ ತಾಲೂಕಿಗೆ ಸೇರಿದೆ. ವಾಸ್ಕೊ ಡ ಗಾಮನು 1498ರಲ್ಲಿ ಇಲ್ಲಿ ತಂಗಿದನು. ಪೋರ್ತುಗೀಜರ ವೈಸರಾಯನಾದ ಅಲ್ಮೇಡನು 1505ರಲ್ಲಿ ಕೋಟೆ ಕಟ್ಟಿಸಿದನು. ಇಂಗ್ಲೆಂಡಿನ ದೊರೆಗೆ ಪೋರ್ತುಗಲ್ಲಿನಿಂದ ವರದಕ್ಷಿಣೆಯಾಗಿ ಬಂದ ಮುಂಬಯಿಯನ್ನು ಪೋರ್ತುಗೀಜ ಅಧಿಕಾರಿಗಳು ಬಿಟ್ಟುಕೊಡದಿರಲು, ಇಂಗ್ಲಿಷ್ ದಂಡು ಇಲ್ಲಿಯೇ ಬೀಡುಬಿಟ್ಟು ಕಾಯಬೇಕಾಯಿತು; ಅದರ ನಾಯಕ ಅಬ್ರಹಾಂ ಶಿಪ್‌ಮನ್‌ನೂ ಬಹುಪಾಲು ಸೈನಿಕರೂ ರೋಗರುಜಿನಗಳಿಂದ ಮಡಿದ ಮೇಲೆ, ಅಳಿದುಳಿದವರು 1665ರಲ್ಲಿ ಮುಂಬಯಿಯನ್ನು ವಹಿಸಿಕೊಂಡರು. ಮುಂದೆ 1961ರ ಡಿಸೆಂಬರಿನಲ್ಲಿ, ಗೋವೆಯ ವಿಮೋಚನೆಯ ಕಾಲಕ್ಕೆ, ಈ ದ್ವೀಪವನ್ನು ಗೆಲ್ಲುವಾಗ ನಮ್ಮ ನೌಕಾದಳದ ಏಳು ಮಂದಿ ಪ್ರಾಣತೆತ್ತರು.

ಈಗ ಅಲೆತಡೆಯ ಗೋಡೆಯು ದ್ವೀಪವನ್ನು ನೆಲಕ್ಕೆ ಬೆಸೆದಿದೆ; ಬನವಾಸಿಯ ಕದಂಬರ ಹೆಸರನ್ನು ಹೊತ್ತು 2005ರಲ್ಲಿ ಆರಂಭವಾದ ನೌಕಾನೆಲೆಯ ಅಂಗವಾದುದರಿಂದ ಸಾಮಾನ್ಯರಿಗೆ ಪ್ರವೇಶವಿಲ್ಲ. ಹಿಂದೆ ಅಲ್ಲಿಯ ಇಗರ್ಜಿಯ ಹಬ್ಬಕ್ಕೆ ಗೋವೆಯ ಭಕ್ತರು ಹೋಗಿಬರುತ್ತಿದ್ದರು. ಆದರೆ ನೌಕಾನೆಲೆಯ ನೆರೆಯ ದ್ವೀಪವೆಂದರೆ ಎಲ್ಲೆಡೆಯೂ ಹೀಗೆ ಬಾಗಿಲು ಮುಚ್ಚಿರುವುದಿಲ್ಲ: ಜಪಾನಿನ ಯೊಕೊಸುಕವೂ ನೌಕಾನೆಲೆಯ ಊರೇ. ಅದರ ಎದುರಿಗಿರುವ ಸರುಶಿಮ ದ್ವೀಪದಲ್ಲಿ ಮೆಯಿಜಿ ಕಾಲದ ಇಟ್ಟಿಗೆಯ ದುರ್ಗವು ಪಾಳುಬಿದ್ದಿದ್ದರೂ, ಕುಟುಂಬಗಳು ಬುತ್ತಿ ಕಟ್ಟಿಕೊಂಡು ದೋಣಿಯಲ್ಲಿ ಹೋಗಿ, ಸುರಂಗದಲ್ಲಿ ಸುತ್ತಾಡಿ, ಸಂಜೆಗೆ ಮರಳುತ್ತವೆ. ಸರುಶಿಮವು ಉದ್ಯಾನವಾಗಿರುವುದೂ ಅಂಜದೀವವು ಸಕ್ರಿಯವಾದ ನೆಲೆಯೊಳಗಿರುವುದೂ ನಿಜ. ಆದರೂ ವರ್ಷದಲ್ಲಿ ಒಂದು ದಿನ, ನೌಕಾದಳದವರ ಮೇಲ್ವಿಚಾರಣೆಯಲ್ಲಿಯೇ, ಆ ಹಳೆಯ ಇಗರ್ಜಿಯವರೆಗೆ ಜನರನ್ನು ಬಿಡುವುದು ಅಸಾಧ್ಯವೆಂದು ನನಗೆ ತೋರುವುದಿಲ್ಲ.