ಜೊತೆಗೂಡಿ ಓದುವುದು

ಬೇರೆ ಬೇರೆ ಮತಗಳ ಗ್ರಂಥಗಳನ್ನು ಒಂದೆಡೆ ಕುಳಿತು ಓದಬೇಕೆಂದೊಡನೆ ನಮ್ಮಲ್ಲಿ ಎರಡು ಮಾತುಗಳು ಹುಟ್ಟುತ್ತವೆ. ‘ಎಲ್ಲವೂ ಹೇಳುವುದು ಒಂದನ್ನೇ, ಬೇರೆಯಾಗಿ ಓದುವುದೇಕೆ?’ ಎಂಬುದು ಒಂದು; ‘ನಮ್ಮದು ನಮಗೆ ಸಾಲದೆ?’ ಎಂಬುದು ಇನ್ನೊಂದು. ಒಂದು ಉದಾರವಾಗಿ, ಇನ್ನೊಂದು ಬಿಗಿಯಾಗಿ ಕೇಳಿಸಿದರೂ ಎರಡೂ ಪುಸ್ತಕವನ್ನು ತೆರೆಯಗೊಡದ ಮಾತುಗಳೇ. ಇವೆರಡನ್ನೂ ದಾಟಿದ ದಾರಿಯೊಂದು ಗಾಂಧೀಜಿಯವರ ಓದಿನಲ್ಲಿ ನನಗೆ ಕಂಡಿದೆ.

1926ರಲ್ಲಿ ಅಹಮದಾಬಾದಿನ ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ ಇಚ್ಛೆಯಂತೆ ಅವರು ಬೈಬಲಿನ ಹೊಸ ಒಡಂಬಡಿಕೆಯನ್ನು ಓದಿ ವಿವರಿಸತೊಡಗಿದರು. ಆಕ್ಷೇಪದ ಪತ್ರಗಳು ಬಂದವು. ಗುಟ್ಟಾಗಿ ಕ್ರೈಸ್ತರಾಗಿದ್ದಾರೆಂಬ ಗುಮಾನಿಯೂ ಎದ್ದಿತು. ನಮ್ಮ ಧರ್ಮವನ್ನು ಇತರರು ಗೌರವಿಸಬೇಕೆಂದು ಬಯಸುವವನು ಇತರರ ಗ್ರಂಥಗಳನ್ನು ಸಹಾನುಭೂತಿಯಿಂದ ಓದಬೇಡವೆ ಎಂಬುದು ‘ಯಂಗ್ ಇಂಡಿಯಾ’ದಲ್ಲಿ ಅವರು ಕೊಟ್ಟ ಉತ್ತರದ ಸಾರ.

ಮುಂದೆ ಅವರ ಪ್ರಾರ್ಥನೆ ಬೆಳೆದ ಬಗೆ ಇನ್ನೂ ಮನನೀಯವಾದುದು. ಈಶಾವಾಸ್ಯದ ಮೊದಲ ಮಂತ್ರದ ಜೊತೆಗೆ ಕುರಾನಿನ ‘ಫಾತಿಹಾ’ ಸೇರಿತು. ಅದನ್ನು ತಂದವರು ರೈಹಾನಾ ತ್ಯಾಬ್ಜಿ. ಸೇವಾಗ್ರಾಮದಲ್ಲಿದ್ದ ಜಪಾನೀ ಭಿಕ್ಷುವಿನಿಂದ ಬೌದ್ಧ ಮಂತ್ರ ಬಂದಿತು. ಯುದ್ಧಕಾಲದಲ್ಲಿ ಪೊಲೀಸರು ಆತನನ್ನು ಕರೆದೊಯ್ದ ಮೇಲೂ ಮಂತ್ರ ಉಳಿಯಿತು. ಆಗಾಖಾನ್ ಅರಮನೆಯ ಸೆರೆವಾಸದಲ್ಲಿ ಪಾರ್ಸಿ ವೈದ್ಯರಾದ ಗಿಲ್ಡರ್ ಅವರಿಂದ ಅವೆಸ್ತಾದ ಪ್ರಾರ್ಥನೆ ಸೇರಿತು. ಹೀಗೆ ಗ್ರಂಥಗಳು ಬಂದುದು ಕಪಾಟಿನಿಂದಲ್ಲ, ಪಕ್ಕದಲ್ಲಿ ಕುಳಿತವರ ನಾಲಗೆಯಿಂದ.

ಹಾಗೆಂದು ಅವೆಲ್ಲ ಒಂದೇ ಆಗಿಬಿಡಲಿಲ್ಲ. ಫಾತಿಹಾ ನೇರವಾದ ದಾರಿಯಲ್ಲಿ ನಡೆಸೆಂದು ದೇವರನ್ನು ಬೇಡುತ್ತದೆ. ಈಶಾವಾಸ್ಯದ ಮಂತ್ರ ಜಗತ್ತೆಲ್ಲವನ್ನೂ ಈಶನು ವ್ಯಾಪಿಸಿರುವುದನ್ನು ಕಾಣಿಸಿ, ಪರರ ಧನಕ್ಕೆ ಆಸೆಪಡಬೇಡವೆನ್ನುತ್ತದೆ. ಒಂದು ಬೇಡಿಕೆ, ಇನ್ನೊಂದು ದರ್ಶನ. ಅಕ್ಕಪಕ್ಕದಲ್ಲಿಟ್ಟು ಕೇಳಿದಾಗಲೇ ಈ ಭೇದದ ಸೊಗಸು ತಿಳಿಯುವುದು.

ಇಂಥ ಓದಿಗೆ ನಿಜವಾದ ಪರೀಕ್ಷೆ ಬಂದುದು 1947ರ ಏಪ್ರಿಲಿನಲ್ಲಿ. ದೇಶ ಉರಿಯುತ್ತಿತ್ತು. ದೆಹಲಿಯ ವಾಲ್ಮೀಕಿ ಮಂದಿರದ ಆವರಣದ ಸಭೆಯಲ್ಲಿ ಕುರಾನಿನ ಪಠನಕ್ಕೆ ಆಕ್ಷೇಪವೆದ್ದಿತು. ಆ ಭಾಗವನ್ನು ಬಿಟ್ಟು ಉಳಿದುದನ್ನು ಓದಬಹುದಾಗಿತ್ತು. ಬಹುಮತದ ಬಲದಿಂದ ಆಕ್ಷೇಪಿಸಿದವರ ಬಾಯಿ ಮುಚ್ಚಿಸಲೂಬಹುದಾಗಿತ್ತು. ಗಾಂಧೀಜಿ ಎರಡನ್ನೂ ಮಾಡಲಿಲ್ಲ. ಪ್ರಾರ್ಥನೆಯನ್ನೇ ನಿಲ್ಲಿಸಿದರು. ಮರುದಿನ ಮತ್ತೆ ಆಕ್ಷೇಪ, ಮತ್ತೆ ನಿಲುಗಡೆ. ವಿರೋಧಿಸಿದವರು ಅಡ್ಡಿಯನ್ನು ಹಿಂತೆಗೆದುಕೊಂಡ ಮೇಲೆಯೇ ಪ್ರಾರ್ಥನೆ ಮುಂದುವರಿಯಿತು. ಅದರಲ್ಲಿ ಕುರಾನೂ ಇದ್ದಿತು.

ಆ ನಿಂತುಹೋದ ಪ್ರಾರ್ಥನೆಗಳನ್ನು ಕುರಿತು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ನೆರೆಯವನ ಗ್ರಂಥವನ್ನು ಕೈಬಿಡದಿರುವುದು ಎಷ್ಟು ಮುಖ್ಯವೋ, ಕೇಳಲೊಲ್ಲದವನ ಕಿವಿಗೆ ಅದನ್ನು ಬಲಾತ್ಕಾರವಾಗಿ ತುಂಬದಿರುವುದೂ ಅಷ್ಟೇ ಮುಖ್ಯ. ಜೊತೆಗೂಡಿ ಓದುವುದೆಂದರೆ ಒಪ್ಪಿಬಿಡುವುದಲ್ಲ; ಒಪ್ಪದವನಿಗಾಗಿಯೂ ಪುಸ್ತಕವನ್ನು ತೆರೆದಿಟ್ಟುಕೊಂಡು ಕಾಯುವುದು.